ಕಳೆದ ಭಾನುವಾರ ಏನು ಮಾಡಿದಿರಿ?

ಪರದೇಶದಿಂದ ಓದಲು ಬಂದ ವಿದ್ಯಾರ್ಥಿ ಆಪ್ತಸಮಾಲೋಚನೆಗೆ ಬಂದಾಗ ನಾನು ಮೊದಲು ಕೇಳುವುದು ಕಳೆದ ಭಾನುವಾರದ ಬಗ್ಗೆ. ‘ಬಟ್ಟೆ ಒಗೆದೆ, ಮನೆಯವರೊಡನೆ ವಿಡಿಯೊ ಕರೆಯಲ್ಲಿ ಮಾತಾಡಿದೆ, ಮಲಗಿದೆ’ ಎಂದರೆ ಕುರ್ಚಿಯನ್ನು ತುಸು ಹತ್ತಿರಕ್ಕೆ ಎಳೆದುಕೊಳ್ಳುತ್ತೇನೆ. ಆ ದಿನದಲ್ಲಿ ಇಲ್ಲಿನವರು ಯಾರೂ ಇಲ್ಲ; ಅದು ಒಂಟಿತನದ ಸುಳಿವು.

ಇಂಥವರು ಹೆಚ್ಚಾಗಿ ಬರುವುದು ಹೊಸತನದ ಹುರುಪು ಇಳಿದ ಮೇಲೆ. ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋಗಿದ್ದ ನಾರ್ವೆಯ ವಿದ್ವಾಂಸರನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಸ್ವೆರೆ ಲೀಸ್ಗಾರ್ಡ್ 1955ರಲ್ಲೇ ಇದನ್ನು ಗುರುತಿಸಿದ್ದರು: 6ರಿಂದ 18 ತಿಂಗಳು ಇದ್ದವರ ಹೊಂದಿಕೆಯೇ ಎಲ್ಲರಿಗಿಂತ ಕಡಿಮೆಯಾಗಿತ್ತು. ಎಲ್ಲರ ಪಾಡೂ ಈ ಲೆಕ್ಕದಂತೆ ನಡೆಯದು. ಕೆಲವರು ಬಂದಿಳಿದ ದಿನವೇ ಕುಸಿಯುತ್ತಾರೆ.

ಅವರಿಗೆ ‘ಎಲ್ಲರೊಡನೆ ಬೆರೆಯಿರಿ’ ಎಂದು ಉಪದೇಶಿಸಿ ಪ್ರಯೋಜನವಿಲ್ಲ. ಪಾರ್ಟಿಯಲ್ಲಿ ಬೆರೆಯಲು ಚುರುಕು ಮಾತು ಬೇಕು, ಅಲ್ಲಿನವರ ತಮಾಷೆ ತಿಳಿಯಬೇಕು. ಅದಕ್ಕಿಂತ ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ನಡೆಯುವ ಆಟವೋ ಗಾಯನ ತಂಡವೋ ಸೇವಾ ಕೆಲಸವೋ ಎಷ್ಟೋ ಮೇಲು. ಕೈಗೆ ಕೆಲಸವಿದ್ದಾಗ ಮೌನ ಮುಜುಗರ ತರುವುದಿಲ್ಲ.

ಒಬ್ಬ ಹುಡುಗನಿಗೆ ತರಗತಿಯ ಪಾಠವೆಲ್ಲ ಅರ್ಥವಾಗುತ್ತಿತ್ತು, ಸಹಪಾಠಿಗಳ ಹರಟೆ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಬ್ಯಾಡ್ಮಿಂಟನ್ ಗುಂಪಿಗೆ ಸೇರಿದ. ಮೊದಲ ಮೂರು ವಾರ ಅವನ ಬಾಯಿಂದ ಹೊರಟದ್ದು ಅಂಕಗಳ ಎಣಿಕೆ ಮಾತ್ರ. ನಾಲ್ಕನೆಯ ವಾರ ನೆಗಡಿಯೆಂದು ಕೋಣೆಯಲ್ಲೇ ಉಳಿದಾಗ ‘ಜೊತೆಗಾರನಿಲ್ಲದೆ ಹೇಗೆ ಆಡಲಿ, ಎಲ್ಲಿದ್ದೀಯ?’ ಎಂಬ ಸಂದೇಶ ಬಂತು. ನನ್ನೆದುರು ಮೊಬೈಲ್ ಹಿಡಿದು ತೋರಿಸುವಾಗ ಅವನ ಕೈ ನಡುಗುತ್ತಿತ್ತು. ಆ ಊರಿನಲ್ಲಿ ತಾನು ಬರದಿದ್ದರೆ ಗಮನಿಸುವವರಿದ್ದಾರೆ ಎಂದು ಅವನಿಗೆ ಗೊತ್ತಾದದ್ದು ಆಗಲೇ.

ತಮ್ಮ ದೇಶದವರೊಡನೆಯೇ ಕಾಲ ಕಳೆಯುವುದನ್ನು ತಪ್ಪೆನ್ನುವ ಸಲಹೆಗಾರರಿದ್ದಾರೆ, ನಾನು ಒಪ್ಪುವುದಿಲ್ಲ. ದಿನವಿಡೀ ಪರಭಾಷೆಯಲ್ಲಿ ಯೋಚಿಸಿ ದಣಿದವರಿಗೆ ತಾಯ್ನುಡಿಯ ಎರಡು ಗಂಟೆ ಬೇಕೇ ಬೇಕು. ಮನೋವಿಜ್ಞಾನಿ ಸ್ಟೀಫನ್ ಬೋಕ್ನರ್ ಹೇಳಿದಂತೆ ಸ್ವದೇಶಿಗಳು, ಸ್ಥಳೀಯರು, ಇತರ ದೇಶಗಳ ವಿದ್ಯಾರ್ಥಿಗಳು ಎಂಬ ಮೂರು ಬಗೆಯ ಗೆಳೆಯರಿಂದಲೂ ಬೇರೆ ಬೇರೆ ನೆರವು ಸಿಗುತ್ತದೆ. ಮೂರರಲ್ಲಿ ಒಂದೇ ಉಳಿದಾಗ ನನಗೆ ಚಿಂತೆ.

ಬಹಳ ಮಂದಿಯನ್ನು ತಡೆಯುವುದು ಅಪರಾಧಿ ಭಾವ. ಮನೆಯವರು ಸಾಲ ಮಾಡಿ ಕಳುಹಿಸಿರುವಾಗ ತಾನು ಆಡುವುದೇ ಎಂಬ ಅಳುಕು. ಅದಕ್ಕೇ ತಂದೆತಾಯಂದಿರಿಗೂ ಹೇಳುತ್ತೇನೆ: ಕರೆ ಮಾಡಿದಾಗ ಪರೀಕ್ಷೆಯ ಜೊತೆಗೆ ಆಟದ ಸುದ್ದಿಯನ್ನೂ ಕೇಳಿ.