ವಕೀಲರ ಸಂಘ ಚಂದಾ ಎತ್ತುವಾಗ ಕಕ್ಷಿದಾರರನ್ನೂ ಕೇಳಬಹುದಾ?

ಪ್ರಶ್ನೆ: ನಮ್ಮದು ತಾಲ್ಲೂಕು ಕೋರ್ಟು. ಸಂಘದಲ್ಲಿ ಜಾಸ್ತಿ ಜನ ಇಲ್ಲ. ಸಹೋದ್ಯೋಗಿಯೊಬ್ಬರಿಗೆ ಕಿಡ್ನಿ ತೊಂದರೆ, ಚಿಕಿತ್ಸೆಗೆ ದೊಡ್ಡ ಮೊತ್ತ ಬೇಕು. ಜೊತೆಗೆ ಊರಿನ ಸರ್ಕಾರಿ ಶಾಲೆಗೆ ಒಂದು ಕೊಠಡಿ ಕಟ್ಟಿಸಿಕೊಡೋಣ ಎಂಬ ಮಾತೂ ನಡೆದಿದೆ. ನಮ್ಮ ನಮ್ಮಲ್ಲೇ ಎತ್ತಿದರೆ ಸಾಲುವುದಿಲ್ಲ. ಊರಿನವರನ್ನು, ಕಕ್ಷಿದಾರರನ್ನು ಕೇಳಬಹುದಾ? ಕೇಳಿದರೆ ವಕೀಲರ ಪರಿಷತ್ತಿನಲ್ಲಿ ದೂರು ಬೀಳುವ ಭಯ ಇದೆಯಾ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಹೆಚ್ಚಾಗಿ ಕೇಳುವವರು ಕಿರಿಯ ವಕೀಲರು, ಏಕೆಂದರೆ ರಸೀದಿ ಪುಸ್ತಕ ಹಿಡಿದು ಓಡಾಡುವ ಕೆಲಸ ಅವರ ಪಾಲಿಗೇ ಬರುತ್ತದೆ. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಊರಿನವರನ್ನು ಕೇಳಬಹುದು, ಆದರೆ ಸಂಘದ ಹೆಸರಿನಲ್ಲಿ ಕೇಳಿ, ನಿಮ್ಮ ಹೆಸರಿನಲ್ಲಿ ಅಲ್ಲ. ನಿಮ್ಮ ಕೈಯಲ್ಲಿ ಕೇಸು ನಡೆಯುತ್ತಿರುವ ಕಕ್ಷಿದಾರರನ್ನು ಮಾತ್ರ ಕೇಳಬೇಡಿ.

ವಕೀಲರು ದೇಣಿಗೆ ಎತ್ತಬಾರದು ಎಂದು 1961ರ ವಕೀಲರ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಆ ಕಾಯ್ದೆಯಡಿ ಭಾರತೀಯ ವಕೀಲರ ಪರಿಷತ್ತು ಮಾಡಿರುವ ನಡತೆ ನಿಯಮಗಳಲ್ಲೂ ಇಲ್ಲ. ಹಾಗಾಗಿ 'ಚಂದಾ ಎತ್ತಿದರೆ ಸನ್ನದು (ವಕೀಲಿ ಮಾಡುವ ಪರವಾನಗಿ) ಹೋಗುತ್ತದೆ' ಎಂದು ಯಾರಾದರೂ ಹೆದರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ತೊಂದರೆ ಬರುವುದು ಚಂದಾದಿಂದಲ್ಲ, ಚಂದಾ ಮತ್ತು ವಕೀಲಿಕೆ ಒಂದಕ್ಕೊಂದು ಅಂಟಿಕೊಂಡಾಗ.

ಕಕ್ಷಿದಾರರ ವಿಷಯವನ್ನೇ ನೋಡಿ. ಪಾಲು ವಿಭಾಗದ ದಾವೆ ಹಾಕಿರುವ ರೈತರೊಬ್ಬರು ಆಫೀಸಿಗೆ ಬಂದಿದ್ದಾರೆ ಎಂದುಕೊಳ್ಳಿ. ಮುಂದಿನ ವಾರ ಅವರ ಸಾಕ್ಷ್ಯ ಇದೆ. ಮೇಜಿನ ಮೇಲೆ ಫೈಲು, ಫೈಲಿನ ಪಕ್ಕದಲ್ಲೇ ರಸೀದಿ ಪುಸ್ತಕ. 'ಏನ್ ಯಜಮಾನ್ರೇ, ಶಾಲೆ ಕಟ್ಟಿಸ್ತಿದ್ದೀವಿ, ನಿಮ್ಮ ಕಡೆಯಿಂದ ಏನಾದ್ರೂ...' ಎಂದು ನೀವು ಎಷ್ಟೇ ನಯವಾಗಿ ಕೇಳಿ, ಆ ಮನುಷ್ಯ 'ಇಲ್ಲ' ಅನ್ನುತ್ತಾರಾ? ಅನ್ನುವುದಿಲ್ಲ. ಜೇಬು ತಡಕಿ ಕೊಡುತ್ತಾರೆ. ಇಲ್ಲದಿದ್ದರೆ ಗೊಬ್ಬರಕ್ಕೆಂದು ಇಟ್ಟಿದ್ದರಲ್ಲಿ ತೆಗೆದು ಕೊಡುತ್ತಾರೆ. ಮನೆಗೆ ಹೋಗುವ ಬಸ್ಸಿನಲ್ಲಿ 'ಕೊಡದೇ ಇದ್ದಿದ್ದರೆ ಲಾಯರು ನನ್ನ ಕೇಸು ಸರಿಯಾಗಿ ನಡೆಸ್ತಿದ್ರೋ ಇಲ್ವೋ' ಎಂದು ಅವರ ಮನಸ್ಸಿಗೆ ಬರುವುದನ್ನು ನೀವು ತಡೆಯಲಾರಿರಿ. ಕೇಸು ಸೋತರಂತೂ ಕೇಳುವುದೇ ಬೇಡ. ದೂರಿನಲ್ಲಿ ಮೊದಲ ಸಾಲೇ ಆ ರಸೀದಿ ಆಗಿರುತ್ತದೆ.

ಇದಕ್ಕೆ ಪರಿಷತ್ತಿನ ಆ ನಡತೆ ನಿಯಮಗಳಲ್ಲೇ ನಿಯಮವೂ ಇದೆ. ಕಕ್ಷಿದಾರ ತನ್ನ ಮೇಲಿಟ್ಟಿರುವ ನಂಬಿಕೆಯನ್ನು ವಕೀಲರು ತಮ್ಮ ಲಾಭಕ್ಕೆ ಬಳಸಿಕೊಳ್ಳುವಂತಹ ಏನನ್ನೂ ಮಾಡಬಾರದು ಎನ್ನುತ್ತದೆ 24ನೇ ನಿಯಮ. ಶಾಲೆಗೆ ತಾನೇ, ನನ್ನ ಮನೆಗಾ ಎಂದು ನೀವು ಕೇಳಬಹುದು. ಆದರೆ ಶಾಲೆಯ ಗೋಡೆಯ ಮೇಲೆ ಹೆಸರು ಬರುವುದು ಯಾರದ್ದು? ಅದೂ ಲಾಭವೇ ಅಲ್ವಾ? 25 ಮತ್ತು 26ನೇ ನಿಯಮಗಳು ಇನ್ನೂ ಗಟ್ಟಿ. ಕಕ್ಷಿದಾರರಿಂದ ಬಂದ ಹಣಕ್ಕೆ ಲೆಕ್ಕ ಇಡಬೇಕು, ಅದು ಫೀಸಿಗೆ ಬಂದದ್ದಾ ಖರ್ಚಿಗೆ ಬಂದದ್ದಾ ಎಂದು ಬರೆಯಬೇಕು. ಆ ಲೆಕ್ಕದಲ್ಲಿ 'ಸಂಘದ ಚಂದಾ' ಎಂಬ ಮೂರನೇ ಕಾಲಮ್ಮು ಇಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಪರಿಹಾರದ ಹಣದಲ್ಲಿ ಮುರಿದುಕೊಳ್ಳುವುದು. ಮೋಟಾರು ಅಪಘಾತದ ಕೇಸಿನಲ್ಲಿ ಪರಿಹಾರ ಬಂತು, 'ಸಂಘಕ್ಕೆ ಅಂತ ಸ್ವಲ್ಪ ಹಿಡಿದುಕೊಂಡೆ, ಒಳ್ಳೆ ಕೆಲಸಕ್ಕೆ' ಎಂದು ಹೇಳಿ ಉಳಿದದ್ದನ್ನು ಕೊಡುವುದು. ಒಳ್ಳೆ ಕೆಲಸಕ್ಕೇ ಇರಬಹುದು. ಆದರೆ ದುಡ್ಡು ಅವರದ್ದು. ಕಕ್ಷಿದಾರರ ಪರವಾಗಿ ಬಂದ ಹಣವನ್ನು ಬಂದ ಕೂಡಲೇ ಅವರಿಗೆ ತಿಳಿಸಬೇಕು ಎಂಬುದೂ ನಿಯಮವೇ. ಇಲ್ಲಿ ಉದ್ದೇಶ ಎಷ್ಟು ಒಳ್ಳೆಯದು ಎಂಬುದನ್ನು ವಕೀಲರ ಪರಿಷತ್ತಿನ ಶಿಸ್ತು ಸಮಿತಿ ನೋಡಿಕೊಂಡು ಕೂರುವುದಿಲ್ಲ. ಕಾಯ್ದೆಯ 35ನೇ ಕಲಮಿನಡಿ ಛೀಮಾರಿಯಿಂದ ಹಿಡಿದು, ಕೆಲವು ಕಾಲ ವಕೀಲಿ ಮಾಡದಂತೆ ತಡೆಯುವುದು, ಪಟ್ಟಿಯಿಂದಲೇ ಹೆಸರು ತೆಗೆಯುವುದು, ಎಲ್ಲವೂ ಅವರ ಕೈಯಲ್ಲಿದೆ.

ಹಾಗಾದರೆ ಕಕ್ಷಿದಾರರೇ ತಾವಾಗಿ ಮುಂದೆ ಬಂದರೆ? ಬರುತ್ತಾರೆ, ಊರಲ್ಲಿ ಸುದ್ದಿ ಹರಡುತ್ತದಲ್ಲ. ಆಗ ಸಂಘದ ಬ್ಯಾಂಕ್ ಖಾತೆಯ ನಂಬರು ಕೊಡಿ. ನಿಮ್ಮ ಕೈಗೆ, ನಿಮ್ಮ ಗುಮಾಸ್ತರ ಕೈಗೆ, ನಿಮ್ಮ ಫೋನ್‌ಪೇಗೆ ಬೇಡ. ಕೇಸು ಇನ್ನೂ ನಡೆಯುತ್ತಿದ್ದರೆ 'ಮುಗಿದ ಮೇಲೆ ನೋಡೋಣ ಬಿಡಿ' ಎನ್ನುವುದು ನನ್ನ ಸಲಹೆ. ಎದುರು ಪಕ್ಷದವರೂ ಅದೇ ಊರಿನವರು, ಅವರೂ ನೋಡುತ್ತಿರುತ್ತಾರೆ.

ಇನ್ನು ಊರಿನವರನ್ನು ಕೇಳುವ ರೀತಿ. ಇಲ್ಲಿ ಕಾಡುವುದು 36ನೇ ನಿಯಮ, ಅಂದರೆ ಜಾಹೀರಾತು ನಿಷೇಧ. ವಕೀಲರು ನೇರವಾಗಿಯಾಗಲೀ ಸುತ್ತು ಬಳಸಿಯಾಗಲೀ ಕೇಸು ಕೇಳಿಕೊಂಡು ಹೋಗಬಾರದು, ಪ್ರಚಾರ ಮಾಡಿಕೊಳ್ಳಬಾರದು. ಬೋರ್ಡಿನಲ್ಲಿ, ಲೆಟರ್‌ಹೆಡ್ಡಿನಲ್ಲಿ 'ಸಂಘದ ಅಧ್ಯಕ್ಷರು' ಎಂದೋ ಇಂಥ ಸಂಸ್ಥೆಯವರು, ಇಂಥ ಹೋರಾಟದವರು ಎಂದೋ ಹಾಕಿಕೊಳ್ಳುವಂತಿಲ್ಲ. ಎಷ್ಟು ಆಫೀಸುಗಳ ಬಾಗಿಲಲ್ಲಿ ಇದನ್ನು ಪಾಲಿಸಿದ್ದಾರೆ ಎಂದು ನಾನು ಹೇಳಬೇಕಾಗಿಲ್ಲ, ನಿಮಗೇ ಗೊತ್ತು. 2008ರಲ್ಲಿ ವೆಬ್‌ಸೈಟಿಗೆ ಮಾತ್ರ ಸ್ವಲ್ಪ ಸಡಿಲ ಮಾಡಿದರು. ಹೆಸರು, ವಿಳಾಸ, ನೋಂದಣಿ ವಿವರ, ಓದು, ಯಾವ ಬಗೆಯ ಕೇಸು ನಡೆಸುತ್ತೀರಿ, ಇಷ್ಟನ್ನು ಹಾಕಬಹುದು. ಅದು ಬಿಟ್ಟರೆ ನಿಯಮ ಹಾಗೆಯೇ ಇದೆ. 2024ರಲ್ಲಿ ಮದ್ರಾಸ್ ಹೈಕೋರ್ಟ್ ಇದನ್ನೇ ಹಿಡಿದು, ವಕೀಲರಿಗೆ ಗಿರಾಕಿ ಹುಡುಕಿಕೊಡುವ ಜಾಲತಾಣಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ಪರಿಷತ್ತಿಗೆ ಹೇಳಿತು.

ಈಗ ವಾಟ್ಸಾಪಿನಲ್ಲಿ ಓಡಾಡುವ ಒಂದು ಮಾಮೂಲಿ ಪೋಸ್ಟರು ತೆಗೆದುಕೊಳ್ಳಿ. ಮೇಲೆ ಕೋಟು ಹಾಕಿದ ಫೋಟೋ, ಕೆಳಗೆ ಹೆಸರು, ಅದರ ಕೆಳಗೆ 'ಸಿವಿಲ್ ಮತ್ತು ಕ್ರಿಮಿನಲ್ ವಕೀಲರು', ಮೊಬೈಲ್ ನಂಬರು. ಎಲ್ಲಕ್ಕಿಂತ ಕೆಳಗೆ ಚಿಕ್ಕ ಅಕ್ಷರದಲ್ಲಿ 'ಶಾಲೆಗೆ ನೆರವಾಗಿ'. ಇದು ಶಾಲೆಯ ಪೋಸ್ಟರಾ, ವಕೀಲರ ಪೋಸ್ಟರಾ? ಫೋಟೋ ತೆಗೆಯಿರಿ. ಶಾಲೆಯ ಹೆಸರು ದೊಡ್ಡದಾಗಿ ಬರಲಿ. ಎಷ್ಟು ಹಣ ಬೇಕು, ಯಾವ ಕೆಲಸಕ್ಕೆ, ಸಂಘದ ಖಾತೆ ಯಾವುದು, ಯಾವ ದಿನದವರೆಗೆ, ಇಷ್ಟು ಸಾಕು. ಸಂಪರ್ಕಕ್ಕೆ ಸಂಘದ ಕಚೇರಿಯ ನಂಬರು. ಯಾರ ಹೆಸರೂ ಇಲ್ಲದಿದ್ದರೆ ಯಾರು ದುಡ್ಡು ಕೊಡುತ್ತಾರೆ ಎಂದು ಹಿರಿಯರೊಬ್ಬರು ಗೊಣಗಬಹುದು. ಗೊಣಗಲಿ.

ಕಾರ್ಯಕ್ರಮ ಮಾಡಿ ಹಣ ಎತ್ತುವ ಯೋಚನೆ ಇದ್ದರೆ ಇನ್ನೊಂದು ಮಾತು. ನ್ಯಾಯಾಧೀಶರ ಹೆಸರನ್ನು ಆಹ್ವಾನ ಪತ್ರಿಕೆಯಲ್ಲಿ ಹಾಕಿ, ಅವರ ಕೈಯಲ್ಲೇ ಮೊದಲ ಚೆಕ್ಕು ಕೊಡಿಸುವ ಆಸೆ ಎಲ್ಲ ಸಂಘಗಳಿಗೂ ಇರುತ್ತದೆ. ಬೇಡ. ಸುಪ್ರೀಂ ಕೋರ್ಟು 1997ರಲ್ಲಿ ಉನ್ನತ ನ್ಯಾಯಾಲಯಗಳ ನ್ಯಾಯಮೂರ್ತಿಗಳಿಗೆಂದು ಒಪ್ಪಿಕೊಂಡ ನಡತೆ ಸೂತ್ರಗಳಲ್ಲಿ ಇದು ಸ್ಪಷ್ಟವಾಗಿದೆ. ಯಾವುದೇ ಉದ್ದೇಶಕ್ಕಾದರೂ ನಿಧಿ ಸಂಗ್ರಹದಲ್ಲಿ ಅವರು ಕೈಹಾಕುವಂತಿಲ್ಲ. ಕೆಳಗಿನ ಕೋರ್ಟುಗಳ ನ್ಯಾಯಾಧೀಶರೂ ಇದರಿಂದ ದೂರ ಇರುವುದೇ ಸರಿ. ಕೊಡುವವರ ಸಾಲಿನಲ್ಲಿ ಅದೇ ಕೋರ್ಟಿನಲ್ಲಿ ಕೇಸು ಇರುವವರು ಇದ್ದೇ ಇರುತ್ತಾರಲ್ಲ. ಶಾಲೆಯ ಕೊಠಡಿ ಕಟ್ಟಿ ಮುಗಿದ ಮೇಲೆ ಉದ್ಘಾಟನೆಗೆ ಕರೆಯುವುದು ಬೇರೆ ವಿಷಯ.

ಕೆಲವರು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಬಡ ಕಕ್ಷಿದಾರರೊಬ್ಬರಿಗಾಗಿಯೇ ಹಣ ಎತ್ತುತ್ತಾರೆ. ಮನಸ್ಸು ದೊಡ್ಡದು, ಆದರೆ ಅಪಾಯ ಇಲ್ಲೇ ಜಾಸ್ತಿ. ಕಕ್ಷಿದಾರ ವಕೀಲರಿಗೆ ಹೇಳಿದ್ದು ಗುಟ್ಟು. ಮೊದಲು ಸಾಕ್ಷ್ಯ ಅಧಿನಿಯಮದ 126ನೇ ಕಲಮಿನಲ್ಲಿದ್ದದ್ದು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ಅವರ ಒಪ್ಪಿಗೆ ಇಲ್ಲದೆ ಅವರ ಕಥೆಯನ್ನು ಫೇಸ್‌ಬುಕ್ಕಿನಲ್ಲಿ ಬರೆದು ಕಣ್ಣೀರು ಬರಿಸುವ ಹಾಗಿಲ್ಲ. ಅತ್ಯಾಚಾರದ ಕೇಸಾದರೆ ಸಂತ್ರಸ್ತೆಯ ಗುರುತು ಸಿಗುವಂಥದ್ದು ಏನನ್ನು ಹಾಕಿದರೂ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮು ಎರಡು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಹೆಸರು ಬದಲಿಸಿ ಊರು, ಅಪ್ಪನ ಅಂಗಡಿ, ಶಾಲೆ ಎಲ್ಲ ಹಾಕಿದರೆ ತಾಲ್ಲೂಕಿಗೇ ಗೊತ್ತಾಗುತ್ತದೆ. ಮಕ್ಕಳ ವಿಷಯದಲ್ಲಂತೂ ಪೋಸ್ಟರಿನ ಯೋಚನೆಯನ್ನೇ ಬಿಡಿ. ಕೋರ್ಟು ಖರ್ಚಿಗೆ ಹಣ ಇಲ್ಲ ಎಂಬುದೇ ತೊಂದರೆಯಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಕೇಳಬಹುದು. ಇಲ್ಲವಾದರೆ ನೀವೇ ಫೀಸು ಬಿಡಿ. ಕೊಡಲಾಗದವರಿಗೆ ಕೈಲಾದಷ್ಟು ಉಚಿತವಾಗಿ ನಡೆಸಿಕೊಡುವುದು ವಕೀಲರ ದೊಡ್ಡ ಹೊಣೆಗಳಲ್ಲಿ ಒಂದು ಎಂದು 46ನೇ ನಿಯಮವೇ ಹೇಳುತ್ತದೆ.

ಈಗ ನಿಮ್ಮ ಸಹೋದ್ಯೋಗಿಯ ವಿಷಯಕ್ಕೆ ಬರೋಣ. ಊರಿಗೆ ಕೈ ಚಾಚುವ ಮೊದಲು, ಅವರಿಗೆ ಹಕ್ಕಿನಿಂದ ಬರುವುದು ಏನಾದರೂ ಇದೆಯಾ ನೋಡಿ. ವಕಾಲತ್ತಿಗೆ ಹಚ್ಚುವ ವೆಲ್ಫೇರ್ ಸ್ಟಾಂಪಿನ ದುಡ್ಡು ಹೋಗುವುದು 1983ರ ಕರ್ನಾಟಕ ವಕೀಲರ ಕಲ್ಯಾಣ ನಿಧಿ ಕಾಯ್ದೆಯಡಿ ಇರುವ ನಿಧಿಗೆ. ಅದು ಮುಖ್ಯವಾಗಿ ವಕೀಲಿ ಬಿಟ್ಟಾಗ ಅಥವಾ ತೀರಿಕೊಂಡಾಗ ಸಿಗುವ ಹಣ, ನಿಜ. ಆದರೂ ಅವರು ಆ ನಿಧಿಯ ಸದಸ್ಯರಾ, ವಂತಿಗೆ ಬಾಕಿ ಇದೆಯಾ ಎಂದು ಇವತ್ತೇ ನೋಡಿ. ದಿನಾ ಸ್ಟಾಂಪು ಹಚ್ಚುತ್ತಾ ನಿಧಿಗೆ ಸದಸ್ಯರೇ ಆಗದವರೂ ಇರುತ್ತಾರೆ. ಚಿಕಿತ್ಸೆಗೆ ನೆರವು ಕೇಳಿ ರಾಜ್ಯ ವಕೀಲರ ಪರಿಷತ್ತಿಗೆ ಸಂಘದಿಂದಲೇ ಒಂದು ಪತ್ರ ಬರೆಯಿರಿ.

ಶಾಲೆಯ ಹಣ ಮತ್ತು ಚಿಕಿತ್ಸೆಯ ಹಣ ಒಂದೇ ಖಾತೆಗೆ ಬರಬಾರದು. ಯಾಕೆಂದರೆ ಇವೆರಡಕ್ಕೂ ತೆರಿಗೆಯ ಲೆಕ್ಕವೇ ಬೇರೆ. ನೋಂದಣಿ ಆದ ಟ್ರಸ್ಟು, ಸಂಘಗಳಿಗೆ ಕೊಟ್ಟವರಿಗೆ 80ಜಿ ಎಂದೇ ಎಲ್ಲರೂ ಕರೆಯುವ ಆದಾಯ ತೆರಿಗೆ ರಿಯಾಯಿತಿ ಸಿಗುತ್ತದೆ. ಆದರೆ ನಿಮ್ಮ ಸಂಘಕ್ಕೆ ಆ ನೋಂದಣಿ ಇದ್ದರೆ ಮಾತ್ರ. ಸೊಸೈಟಿ ಎಂದು ನೋಂದಣಿ ಆಗಿದ್ದ ಮಾತ್ರಕ್ಕೆ ಅದು ತಾನಾಗಿ ಬರುವುದಿಲ್ಲ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೂ ಇಲ್ಲ. ಒಬ್ಬ ವ್ಯಕ್ತಿಯ ಚಿಕಿತ್ಸೆಗೆ ಎಂದು ಎತ್ತಿದ್ದಕ್ಕೆ ಇದರ ಮಾತೇ ಎತ್ತಬೇಡಿ. ರಸೀದಿಯ ಮೇಲೆ ಸುಮ್ನೆ '80ಜಿ' ಎಂದು ಅಚ್ಚು ಹಾಕಿಸುವುದು ಸುಳ್ಳು ಹೇಳಿ ದುಡ್ಡು ಎತ್ತಿದಂತೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಸಂಬಂಧಿಕರಲ್ಲದವರಿಂದ ಒಬ್ಬರಿಗೆ ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಜಾಸ್ತಿ ಉಚಿತವಾಗಿ ಹಣ ಬಂದರೆ ಅದು ಅವರ ಆದಾಯ ಎಂದು ಲೆಕ್ಕಕ್ಕೆ ಬರಬಹುದು. ಕಾಯಿಲೆಯವರ ಸ್ವಂತ ಖಾತೆಗೆ ಊರೆಲ್ಲ ಹಣ ಹಾಕುವ ಮೊದಲು ಲೆಕ್ಕ ಪರಿಶೋಧಕರನ್ನು ಒಂದು ಮಾತು ಕೇಳಿ. ಸಂಘದ ಖಾತೆಯಿಂದ ನೇರವಾಗಿ ಆಸ್ಪತ್ರೆಗೆ ಬಿಲ್ಲು ಕಟ್ಟಿ, ಬಿಲ್ಲಿನ ಪ್ರತಿ ಇಟ್ಟುಕೊಳ್ಳುವುದು ನನಗೆ ಸರಿ ಎನಿಸುತ್ತದೆ. ಕೊಟ್ಟವರಿಗೂ ದುಡ್ಡು ಎಲ್ಲಿ ಹೋಯಿತು ಎಂದು ಕಾಣುತ್ತದೆ.

ಅಮೆರಿಕದಲ್ಲಿರುವ ಊರಿನ ಹುಡುಗ ಕಳಿಸುತ್ತಾನೆ ಎಂದರೆ ಅವನ ಪಾಸ್‌ಪೋರ್ಟು ಯಾವ ದೇಶದ್ದು ಎಂದು ಕೇಳಿ. ಭಾರತದ ಪಾಸ್‌ಪೋರ್ಟು ಇಟ್ಟುಕೊಂಡು ತನ್ನ ಉಳಿತಾಯದಿಂದ ಕಳಿಸಿದರೆ ತೊಂದರೆ ಇಲ್ಲ. ಅಲ್ಲಿನ ಪ್ರಜೆಯಾಗಿದ್ದರೆ, ಒಸಿಐ ಕಾರ್ಡು (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡು) ಇದ್ದರೂ ಸಹ, ಅದು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ವಿದೇಶಿ ದೇಣಿಗೆ. ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ಸಂಘ ಅದನ್ನು ತೆಗೆದುಕೊಳ್ಳುವಂತಿಲ್ಲ.

ಶಾಲೆಯ ಕೊಠಡಿಗೆ ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮತ್ತು ಶಿಕ್ಷಣಾಧಿಕಾರಿಯ ಲಿಖಿತ ಒಪ್ಪಿಗೆ ಮೊದಲು ಬರಲಿ, ರಸೀದಿ ಪುಸ್ತಕ ಆಮೇಲೆ.

ರಸೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಇರಲಿ, ಪ್ರತಿ ಸಂಘದಲ್ಲಿ ಉಳಿಯಲಿ. ಯಾವ ಪುಸ್ತಕ ಯಾರ ಕೈಗೆ ಕೊಟ್ಟಿರಿ ಎಂದು ಸಹಿ ಹಾಕಿಸಿಕೊಳ್ಳಿ. ವಾಪಸ್ ಬಾರದ ಒಂದು ಪುಸ್ತಕ ಸಾಕು, ಬಾರ್ ರೂಮಿನಲ್ಲಿ ವರ್ಷಗಟ್ಟಲೆ ಜಗಳಕ್ಕೆ. ಹಣ ಎತ್ತುವ ಮೊದಲೇ ಸರ್ವಸದಸ್ಯರ ಸಭೆಯಲ್ಲಿ ಠರಾವು ಮಾಡಿ. ಅದರಲ್ಲಿ ಒಂದು ಸಾಲು ಮರೆಯಬೇಡಿ: ಬೇಕಾದ್ದಕ್ಕಿಂತ ಜಾಸ್ತಿ ಬಂದರೆ, ಅಥವಾ ಕಾಯಿಲೆಯವರು ಚಿಕಿತ್ಸೆಗೆ ಮೊದಲೇ ತೀರಿಕೊಂಡರೆ, ಉಳಿದ ಹಣ ಯಾರಿಗೆ. ಬರೆಯಲು ಮನಸ್ಸು ಬರುವುದಿಲ್ಲ, ಆದರೂ ಬರೆಯಿರಿ. ಆಮೇಲೆ ಕುಟುಂಬದ ಮುಂದೆ ಚರ್ಚೆ ಮಾಡುವುದಕ್ಕಿಂತ ಅದು ಮೇಲು.

ಲೆಕ್ಕ ಕೇಳಿದರೆ ಪದಾಧಿಕಾರಿಗಳು ಸಿಡುಕುತ್ತಾರೆ, ಕಿರಿಯರು ಏನು ಮಾಡಬೇಕು ಎಂದೂ ಕೆಲವರು ಕೇಳುತ್ತಾರೆ. ಮೊದಲು ಸಭೆಯಲ್ಲಿ ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ. ನಿಮ್ಮ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದ್ದರೆ, ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಜನ ಸೇರಿ ಅರ್ಜಿ ಕೊಟ್ಟರೆ ನೋಂದಣಾಧಿಕಾರಿ 25ನೇ ಕಲಮಿನಡಿ ಸಂಘದ ಹಣಕಾಸಿನ ವಿಚಾರಣೆ ನಡೆಸಲೇಬೇಕು. ಅಷ್ಟು ಜನರ ಸಹಿ ಸಿಗುವುದು ಸುಲಭವಲ್ಲ. ಆದರೆ ಅರ್ಜಿ ತಯಾರಾಗುತ್ತಿದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಸಾಮಾನ್ಯವಾಗಿ ಲೆಕ್ಕದ ಪುಸ್ತಕ ತಾನಾಗಿ ಮೇಜಿನ ಮೇಲೆ ಬರುತ್ತದೆ.