ಮೂರು ಹೊಸ ಟೈರ್, ನಾಲ್ಕನೆಯದಕ್ಕೆ ಹಳೇ ಸ್ಟೆಪ್ನಿ: ಹಾಕಬಹುದಾ?

ಪ್ರಶ್ನೆ: ನಮ್ಮ ಕಾರಿಗೆ ಎಂಟು ವರ್ಷ. ನಾಲ್ಕೂ ಟೈರ್ ಸವೆದಿವೆ. ಸ್ಟೆಪ್ನಿ ಮಾತ್ರ ಒಂದು ಸಲವೂ ರಸ್ತೆಗೆ ಇಳಿದಿಲ್ಲ, ಮೇಲಿನ ರಬ್ಬರ್ ಕೂದಲು ಕೂಡ ಹಾಗೇ ಇದೆ. ಮೂರು ಟೈರ್ ಕೊಂಡು ನಾಲ್ಕನೆಯದಕ್ಕೆ ಅದನ್ನೇ ಹಾಕಿದರೆ ಆಗಲ್ವಾ?

ಆಗಲ್ಲ. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬೇಸಿಗೆ ರಜೆಗೆ ಊರಿಗೆ ಹೊರಡುವ ಹೊತ್ತಿಗೆ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೊನೆವರೆಗೂ ಓದಿ.

"ಬಳಸಿಲ್ಲ, ಅದಕ್ಕೇ ಹೊಸದು" ಅನ್ನೋ ಮಾತು ಸ್ಟೀಲ್ ಪಾತ್ರೆಗೆ ಸರಿ. ರಬ್ಬರ್‌ಗೆ ಅಲ್ಲ. ಅಡುಗೆಮನೆ ಡಬ್ಬಿಯಲ್ಲಿ ವರ್ಷಗಟ್ಟಲೆ ಬಿದ್ದಿರುವ ರಬ್ಬರ್ ಬ್ಯಾಂಡ್ ಎಳೆದು ನೋಡಿ. ಯಾರೂ ಬಳಸಿಲ್ಲ, ಆದರೂ ಪಟ್ ಅಂತ ತುಂಡಾಗುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ರಬ್ಬರನ್ನು ನಿಧಾನವಾಗಿ ಪೆಡಸು ಮಾಡುತ್ತದೆ. ಟೈರಿಗಂತೂ ಹೊರಗೂ ಗಾಳಿ, ಒಳಗೂ ಒತ್ತಿ ತುಂಬಿದ ಗಾಳಿ. ಬಿಸಿ ಹೆಚ್ಚಿದಷ್ಟೂ ಈ ಕೆಲಸ ಬೇಗ ಆಗುತ್ತದೆ. ರಾಯಚೂರು, ಕಲಬುರಗಿ ಬಿಸಿಲಲ್ಲಿ ಇಡೀ ದಿನ ನಿಂತ ಕಾರಿನ ಡಿಕ್ಕಿ ತೆಗೆದವರಿಗೆ ಒಳಗಿನ ಕಾವು ಎಷ್ಟಿರುತ್ತದೆ ಅಂತ ಗೊತ್ತು.

ಇನ್ನೊಂದು ವಿಷಯವಿದೆ. ಟೈರ್ ರಬ್ಬರಿಗೆ ಕಾರ್ಖಾನೆಯಲ್ಲೇ ಮೇಣದಂಥ ಪದಾರ್ಥ ಬೆರೆಸಿರುತ್ತಾರೆ. ಟೈರ್ ಉರುಳುತ್ತಾ ಬಳುಕಿದಾಗ ಅದು ಮೇಲಕ್ಕೆ ಬಂದು ಬಿರುಕು ಬಿಡದಂತೆ ಕಾಯುತ್ತದೆ. ಮಲಗಿದ ಸ್ಟೆಪ್ನಿ ಉರುಳುವುದೇ ಇಲ್ಲ. ಓಡದೇ ಇದ್ದದ್ದರಿಂದ ಸವೆತವೇನೋ ತಪ್ಪಿತು, ಆ ರಕ್ಷಣೆಯೂ ತಪ್ಪಿತು.

"ಬಿರುಕೇ ಕಾಣ್ತಿಲ್ವಲ್ಲ" ಅಂತ ಮುಂದಿನ ಮಾತು ಬರುತ್ತದೆ. ಕಾಣಬೇಕೆಂದಿಲ್ಲ. ಒಳಗೆ ಉಕ್ಕಿನ ತಂತಿಯ ಪದರಗಳಿವೆ. ರಬ್ಬರ್ ಹಳತಾದಂತೆ ಅವುಗಳ ಹಿಡಿತ ಸಡಿಲವಾಗುತ್ತದೆ. ಹೈವೇಯಲ್ಲಿ, ತುಂಬಿದ ಕಾರಿನಲ್ಲಿ, ಟೈರ್ ಚೆನ್ನಾಗಿ ಕಾದಾಗ ಮೇಲಿನ ಪಟ್ಟಿ ಸಿಪ್ಪೆಯ ಹಾಗೆ ಕಿತ್ತು ಬರಬಹುದು. ಆ ಕ್ಷಣ ಕಾರು ನಿಮ್ಮ ಕೈಯಲ್ಲಿರುವುದಿಲ್ಲ.

ಕಳೆದ ವರ್ಷ ನಮ್ಮ ಭಾವ ಕೂಡ ಇದೇ ವಾದ ಮಾಡಿದರು. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಹೊರಗೆ ತೆಗೆಸಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಟಾರ್ಚ್ ಬಿಟ್ಟರೆ ಮೇಲಿನ ಮಗ್ಗುಲಲ್ಲಿ ಟೈರ್ ತಯಾರಾದ ತಾರೀಖೇ ಇಲ್ಲ. ಅನೇಕ ಟೈರ್‌ಗಳಲ್ಲಿ ಅದು ಒಂದೇ ಮಗ್ಗುಲಲ್ಲಿ ಇರುತ್ತದೆ. ತಿರುಗಿಸಿ ಹಾಕಿದಾಗ ಸಿಕ್ಕಿತು: 3117. ಅಂದರೆ 2017ನೇ ಇಸವಿಯ 31ನೇ ವಾರ. ಗಾಳಿಯ ಒತ್ತಡ ನೋಡಿದರೆ 14 ಪಿಎಸ್‌ಐ (ಒತ್ತಡದ ಅಳತೆ). ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಹೇಳುತ್ತಿದ್ದದ್ದು 33. ಭಾವ ಮಾತಾಡದೆ ನಾಲ್ಕು ಟೈರ್ ತಗೊಂಡರು, ಸ್ಟೆಪ್ನಿಗೂ ಒಂದು.

ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತೋರಿಸಿ, ಹತ್ತಾದರೆ ಹೇಗೇ ಇದ್ದರೂ ಬದಲಿಸಿ ಅಂತ ಕೆಲವು ತಯಾರಕರೇ ಹೇಳುತ್ತಾರೆ, ಸ್ಟೆಪ್ನಿಯನ್ನೂ ಸೇರಿಸಿ. ನಮ್ಮ ಬಿಸಿಲಿಗೆ ನಾನು ಆರಕ್ಕೇ ನಿಲ್ಲಿಸುತ್ತೇನೆ.

ಸ್ಟೆಪ್ನಿ ಅನ್ನೋ ಹೆಸರು ಬಂದದ್ದು ವೇಲ್ಸ್ ದೇಶದ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಅಲ್ಲಿನ ಡೇವಿಸ್ ಸೋದರರು ಆ ಹೆಸರಿನ ಚಕ್ರವನ್ನು ಮಾಡಿದರು. ಅದು ಕಡ್ಡಿಗಳೇ ಇಲ್ಲದ ಬರೀ ರಿಮ್ಮು, ಮೇಲೆ ಗಾಳಿ ತುಂಬಿದ ಟೈರು. ಪಂಕ್ಚರ್ ಆದ ಚಕ್ರಕ್ಕೇ ಅದನ್ನು ಬಿಗಿದು ಹೇಗೋ ದಾರಿ ಮುಗಿಸಬೇಕಿತ್ತು. ಇವತ್ತಿಗೂ ಅದರ ಕೆಲಸ ಅಷ್ಟೇ. ನಿಮ್ಮ ಸ್ಟೆಪ್ನಿ ಉಳಿದ ಚಕ್ರಗಳಿಗಿಂತ ಚಿಕ್ಕದಿದ್ದು 80 ಅಂತ ಸ್ಟಿಕ್ಕರ್ ಇದ್ದರೆ ಗಂಟೆಗೆ 80 ಕಿಲೋಮೀಟರ್ ದಾಟಬೇಡಿ, ನೇರ ಪಂಕ್ಚರ್ ಅಂಗಡಿಗೆ ಹೋಗಿ.

ಸ್ಟೆಪ್ನಿ ತೆಗೆದಾಗ ಜಾಕ್ ಪಕ್ಕದಲ್ಲಿ ಒಂದು ಕಬ್ಬಿಣದ ಕೊಕ್ಕೆ ಇರುತ್ತದೆ, ನೋಡಿದ್ದೀರಾ? ಅದು ಕೆಟ್ಟು ನಿಂತ ಕಾರನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆಸಲು. ಬಂಪರ್‌ನ ಚಿಕ್ಕ ಮುಚ್ಚಳ ತೆಗೆದು, ಒಳಗೆ ತಿರುಗಿಸಿ ಪೂರ್ತಿ ಬಿಗಿಯಬೇಕು. ಕೆಲವು ಕಾರುಗಳಲ್ಲಿ ಅದನ್ನು ಎಡಕ್ಕೆ ತಿರುಗಿಸಿ ಬಿಗಿಯಬೇಕು, ಬಲವಂತ ಮಾಡಬೇಡಿ. ಹಗ್ಗವನ್ನು ಬಂಪರ್‌ಗೆ ಕಟ್ಟುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ, ಅದು ಪ್ಲಾಸ್ಟಿಕ್ ಅಲ್ವಾ? ಎರಡು ಗಾಡಿಗಳ ನಡುವೆ 5 ಮೀಟರ್‌ಗಿಂತ ಜಾಸ್ತಿ ಅಂತರ ಇರಬಾರದು. ಹಿಂದಿನ ಕಾರಿನ ಕೀ ಆನ್ ಇರಲಿ, ಇಲ್ಲದಿದ್ದರೆ ಸ್ಟೇರಿಂಗ್ ಲಾಕ್ ಆಗುತ್ತದೆ. ಎಂಜಿನ್ ನಿಂತಿರುವುದರಿಂದ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಜೋರಾಗಿ ತುಳಿಯಬೇಕು. ಆಟೊಮ್ಯಾಟಿಕ್ ಗೇರ್ ಕಾರಾದರೆ ಹಗ್ಗ ಕಟ್ಟಲೇಬೇಡಿ. ಚಕ್ರ ನೆಲದ ಮೇಲೆ ಉರುಳಿದರೆ ಎಣ್ಣೆ ಸಿಗದೆ ಗೇರ್‌ಬಾಕ್ಸ್ ಹಾಳಾಗುತ್ತದೆ. ಕಾರನ್ನು ಪೂರ್ತಿ ಮೇಲೆ ಹತ್ತಿಸಿಕೊಳ್ಳುವ ಟೋಯಿಂಗ್ ಗಾಡಿಯನ್ನೇ ಕರೆಸಿ.