ಹಕ್ಕಿಯ ಮೂಗಿನ ನುಸಿ: ಹೆಸರು ಹೇಳುವ ಮೊದಲು ನೋಡಬೇಕಾದದ್ದು

ಗೌಲ್ಡಿಯನ್ ಫಿಂಚ್ ಅಥವಾ ಕ್ಯಾನರಿ ಸಾಕಿದವರು ಹಕ್ಕಿ ಬಾಯಿ ತೆರೆದು ಉಸಿರಾಡುತ್ತಿದೆ, ಉಸಿರಿನೊಂದಿಗೆ ಟಿಕ್ ಟಿಕ್ ಸದ್ದು ಬರುತ್ತಿದೆ, ಹಾಡು ನಿಂತುಹೋಗಿದೆ ಎಂದು ಹೇಳಿದರೆ, ಪಶುವೈದ್ಯರಿಗೆ ಮೊದಲು ನೆನಪಾಗುವುದು 1948ರಲ್ಲಿ ಲಾರೆನ್ಸ್ ಎಂಬ ವಿಜ್ಞಾನಿ ವಿವರಿಸಿದ ಸ್ಟರ್ನೊಸ್ಟೋಮಾ ಟ್ರಾಕಿಯಾಕೋಲಮ್ ಎಂಬ ನುಸಿ. ಕತ್ತಲ ಕೋಣೆಯಲ್ಲಿ ಕತ್ತಿನ ಪುಕ್ಕಗಳನ್ನು ಒದ್ದೆ ಮಾಡಿ, ಹಿಂಬದಿಯಿಂದ ಸಣ್ಣ ಟಾರ್ಚ್ ಹಿಡಿದರೆ, ಶ್ವಾಸನಾಳದೊಳಗೆ ಕಪ್ಪು ಚುಕ್ಕೆಗಳು ಕಾಣಬಹುದು. ಚಿಕಿತ್ಸೆ ಆರಂಭಿಸಲು ಅಷ್ಟು ಸಾಕಾದರೂ ಪ್ರಭೇದವನ್ನು ಗುರುತಿಸಲು ಅದು ಏನೇನೂ ಸಾಲದು.

ಹಕ್ಕಿಗಳ ಮೂಗಿನಲ್ಲಿ ವಾಸಿಸುವ ನುಸಿಗಳೆಲ್ಲ ಒಂದೇ ವಂಶದವಲ್ಲ. ಸ್ಟರ್ನೊಸ್ಟೋಮಾ ಸೇರಿರುವ ರೈನೊನಿಸ್ಸಿಡೆ ಕುಟುಂಬದವು ಒದ್ದೆಯಾದ ಲೋಳೆಪೊರೆಗೆ ಉಗುರುಗಳಿಂದ ಕಚ್ಚಿಕೊಂಡು ರಕ್ತ ಹೀರುತ್ತವೆ ಮತ್ತು ನಿಧಾನವಾಗಿ ಚಲಿಸುತ್ತವೆ. ಸ್ಪೀಲಿಯೊಗ್ನಾಥಿನೆ ಗುಂಪಿನವು ಅದೇ ಪೊರೆಯ ಮೇಲೆ ಚುರುಕಾಗಿ ಓಡಾಡುತ್ತವೆ. ಟರ್ಬಿನಾಪ್ಟಿಡೆಯವು ಹೊಳ್ಳೆಯ ಬಾಗಿಲಲ್ಲೇ, ಒಣ ಭಾಗದಲ್ಲಿ ಇರುತ್ತವೆ. ಆದ್ದರಿಂದ ನುಸಿ ಎಲ್ಲಿತ್ತು, ಹೇಗೆ ನಡೆಯುತ್ತಿತ್ತು ಎಂಬುದನ್ನು, ಕೆಡದಂತೆ ಇಡಲು ಆಲ್ಕೋಹಾಲಿಗೆ ಹಾಕುವ ಮೊದಲೇ ಬರೆದಿಡಬೇಕು. ಸೀಸೆಯೊಳಗೆ ಇಳಿದ ಮೇಲೆ ಆ ಎರಡೂ ಸುಳಿವುಗಳು ಸಿಗುವುದಿಲ್ಲ.

ಸತ್ತ ಹಕ್ಕಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ದೇಹ ತಣ್ಣಗಾಗುತ್ತಿದ್ದಂತೆ ಪುಕ್ಕದಲ್ಲಿದ್ದ ಕೋಳಿ ನುಸಿಗಳು ಹೊರಟು ಎಲ್ಲೆಂದರಲ್ಲಿ ಹರಿದಾಡುತ್ತವೆ, ಕೆಲವು ಹೊಳ್ಳೆಯ ಬಳಿಯೂ ಸಿಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಇವನ್ನು ಮೂಗಿನ ನುಸಿಗಳಿಂದ ಬೇರ್ಪಡಿಸುವುದು ಕಷ್ಟವಲ್ಲ. ಕಾಲುಗಳ ಬುಡದ ಹತ್ತಿರ ಉಸಿರುರಂಧ್ರವೊಂದಿದ್ದು, ಕೆಂಪು ಕೋಳಿ ನುಸಿಯಲ್ಲಿ ಅದರಿಂದ ಪೆರಿಟ್ರೀಮ್ ಎಂಬ ಉದ್ದನೆಯ ತೋಡು ಮುಂದಕ್ಕೆ ಹರಿದಿರುತ್ತದೆ. ರೈನೊನಿಸ್ಸಿಡೆಯಲ್ಲಿ ಆ ತೋಡು ತೀರಾ ಮೋಟಾಗಿರುತ್ತದೆ ಅಥವಾ ಇರುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಹೊಸಬರು ಮೊದಲು ಕಲಿಯಬೇಕಾದ ಲಕ್ಷಣ ಇದೇ. ಟರ್ಬಿನಾಪ್ಟಿಡೆಯಲ್ಲಾದರೋ ಉಸಿರುರಂಧ್ರವೇ ಇಲ್ಲ.

ಲಕ್ಷಣಗಳು ಕಾಣಬೇಕಾದರೆ ನುಸಿ ಪಾರದರ್ಶಕವಾಗಬೇಕು. ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಈ ದೇಹದೊಳಗೆ ರಕ್ತ ತುಂಬಿದ್ದರೆ ಬೆನ್ನಿನ ಮೇಲಿನ ಗಟ್ಟಿ ಫಲಕದ ಅಂಚೇ ಗೋಚರಿಸುವುದಿಲ್ಲ. ಹಾಗಾಗಿ ಲ್ಯಾಕ್ಟೊಫಿನಾಲ್ ಎಂಬ ದ್ರಾವಣದಲ್ಲಿ ತಿಳಿಗೊಳಿಸಿ, ಹೋಯರ್ ಮಾಧ್ಯಮ ಎಂಬ ಅಂಟುದ್ರವದಲ್ಲಿ ಸ್ಲೈಡಿನ ಮೇಲೆ ಕೂರಿಸಿ, ಪೂರ್ತಿ ಒಣಗಿದ ಮೇಲೆಯೇ ನೋಡಬೇಕು. ಕೆಲವನ್ನು ಬೆನ್ನು ಮೇಲಾಗಿ, ಕೆಲವನ್ನು ಹೊಟ್ಟೆ ಮೇಲಾಗಿ ಕೂರಿಸುವುದು ಒಳ್ಳೆಯದು. ಮೇಲಿನಿಂದ ನೋಡಿದಾಗ ಬಾಯಿಭಾಗ ದೇಹದ ತುದಿಯಿಂದ ಮುಂದಕ್ಕೆ ಚಾಚಿದ್ದರೆ, ಗುಬ್ಬಿಯಂಥ ಹಾಡುಹಕ್ಕಿಗಳಲ್ಲಿ ಸಾಮಾನ್ಯವಾದ ಟಿಲೊನಿಸ್ಸಸ್ ಕುಲವನ್ನು ಮೊದಲು ಪರಿಶೀಲಿಸಬಹುದು. ಬಾಯಿಭಾಗ ಹೊಟ್ಟೆಯ ಕಡೆಗೆ ಅಡಗಿದ್ದರೆ ಸ್ಟರ್ನೊಸ್ಟೋಮಾದ ಕಡೆ ಗಮನ ಹೋಗಬೇಕು. ಪಾರಿವಾಳದಲ್ಲಿ ಟಿನಾಮಿನಿಸ್ಸಸ್ ಕುಲದವು ಸಿಗುತ್ತವೆ. ಕುಲದಿಂದ ಪ್ರಭೇದಕ್ಕೆ ಹೋಗುವಾಗ ಬೆನ್ನಿನ ಫಲಕಗಳ ಸಂಖ್ಯೆ, ಆಕಾರ ಮತ್ತು ಅವುಗಳ ಮೇಲಿನ ಬಿರುಗೂದಲುಗಳ ಜೋಡಣೆಯನ್ನು ಪ್ರೌಢ ಹೆಣ್ಣು ನುಸಿಯಲ್ಲಿ ಎಣಿಸಬೇಕು. ಆರೇ ಕಾಲುಗಳಿದ್ದರೆ ಅದು ಮರಿ. ಅದೊಂದನ್ನೇ ನೋಡಿ ಪ್ರಭೇದದ ಹೆಸರು ಬರೆಯಬಾರದು.

ಆತಿಥೇಯ ಹಕ್ಕಿಯ ಹೆಸರು ದೊಡ್ಡ ಸುಳಿವೇ ಹೌದು, ಆದರೆ ಅದನ್ನು ಪುರಾವೆಯೆಂದು ಭಾವಿಸುವಂತಿಲ್ಲ. ಎರಡು ಹಕ್ಕಿಗಳನ್ನು ಒಂದೇ ಚೀಲದಲ್ಲಿ ತಂದಿದ್ದರೆ ಆ ಸುಳಿವನ್ನೂ ನಂಬಲಾಗದು. ಒಂದು ಹಕ್ಕಿಗೆ ಒಂದು ಚೀಲ, ಒಂದು ಸೀಸೆ ಇರಬೇಕು. ಹಕ್ಕಿಯ ಪ್ರಭೇದ, ಸ್ಥಳ, ದಿನಾಂಕ, ನುಸಿ ಸಿಕ್ಕ ಅಂಗ ಇವನ್ನು ಪೆನ್ಸಿಲಿನಲ್ಲಿ ಬರೆದ ಚೀಟಿ ಸೀಸೆಯ ಒಳಗೇ ಇರಬೇಕು, ಏಕೆಂದರೆ ಹೊರಗೆ ಪೆನ್ನಿನಲ್ಲಿ ಬರೆದ ಅಕ್ಷರಗಳನ್ನು ಆಲ್ಕೋಹಾಲ್ ಅಳಿಸಿಬಿಡುತ್ತದೆ.